ಅಲ್ಲಾಡದ ಕುರ್ಚಿ

ಪೇಟೆಯ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗುವುದು ಅವನ ಕೆಲಸ. ಹಾಗಾಗಿ ಎಲ್ಲರಿಗೂ ಅವನು ಮೈಕಣ್ಣ. ಅವನು ಕೂಗಿದ ಬಸ್ಸು ಕೂಗಿದ ಹೊತ್ತಿಗೆ, ಕೂಗಿದ ಜಾಗಕ್ಕೆ ಬಂದದ್ದು ಕಡಿಮೆ. ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಕೂಗುವುದು ಅವನ ಕೆಲಸ, ಬರುವುದು ಬಸ್ಸಿನ ಕೆಲಸ. ಎರಡನ್ನೂ ಒಬ್ಬನ ತಲೆಗೇ ಕಟ್ಟಿದರೆ ಅವನು ತಾನೇ ಏನು ಮಾಡಿಯಾನು?

ತೊಂದರೆಯೆಂದರೆ ಈ ಚಾಳಿ ಅವನ ಸೈಕಲ್ಲಿನ ಹಿಂದೆಯೇ ಮನೆಯವರೆಗೂ ಬಂದಿತ್ತು. ಕಿಟಕಿಗೆ ಚಿಲಕ ಹಾಕ್ತೀನಿ ಎಂದು ಕೂಗುತ್ತಿದ್ದ. ಹಿತ್ತಲಲ್ಲಿ ಬದನೆ ಹಾಕ್ತೀನಿ ಎಂದು ಕೂಗುತ್ತಿದ್ದ. ಕೂಗಿದ ಮೇಲೆ ತನ್ನ ಪಾಲಿನದು ಮುಗಿಯಿತೆಂದು ಕಾಲು ಚಾಚಿ ಕೂರುತ್ತಿದ್ದ.

ಆ ದಿನ ಮಧ್ಯಾಹ್ನ ಕೌಂಟರಿನ ಫೋನಿಗೆ ಹೆಂಡತಿ ಕರೆ ಮಾಡಿದಳು.

"ರೀ, ಅಪ್ಪ ಬರ್ತಾರಂತೆ."

ಮೈಕಣ್ಣ ಎದ್ದು ನಿಂತ. ಮಾವ ಅವನ ಮನೆಗೆ ಬಂದದ್ದು ಒಂದೇ ಸಲ, ಮದುವೆಯಾದ ಹೊಸದರಲ್ಲಿ. ಆತ ಬಡಗಿ. ಸಾಮಾನ್ಯ ಬಡಗಿಯಲ್ಲ, ಕಂಡವರ ಮನೆಯ ಬಾಗಿಲನ್ನು ತಟ್ಟಿ ನೋಡಿ "ಯಾರು ಮಾಡಿದ್ದು ಈ ಪಾಪ?" ಎಂದು ಕೇಳುವ ಬಡಗಿ. ಅಂದು ಅಳಿಯ ತಾನೇ ರಿಪೇರಿ ಮಾಡಿದ ಕುರ್ಚಿಯನ್ನು ಪ್ರೀತಿಯಿಂದ ಎಳೆದು ಕೊಟ್ಟ. ನೆಂಟರೆಲ್ಲ ನೋಡುತ್ತಿರುವಂತೆ ಮಾವ ಕೂತ. ಕುರ್ಚಿ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಓಲಾಡಿ, ಏನೋ ನಿರ್ಧಾರಕ್ಕೆ ಬಂದಂತೆ ಕುಸಿಯಿತು. ಕುರ್ಚಿಯಿಂದ ಬಿದ್ದ ಬಡಗಿ! ಈಜುಗಾರ ಬಚ್ಚಲಲ್ಲಿ ಮುಳುಗಿದ ಹಾಗೆ. ಆತ ಎದ್ದು, ಬಟ್ಟೆ ಕೊಡವಿ, ಊಟಕ್ಕೂ ನಿಲ್ಲದೆ ಹೋದವನು ಮತ್ತೆ ಆ ಹೊಸ್ತಿಲು ತುಳಿದಿರಲಿಲ್ಲ.

"ಆದ್ರೆ ಒಂದು ಮಾತು ಹೇಳಿದ್ದಾರೆ," ಹೆಂಡತಿ ಮುಂದುವರಿಸಿದಳು. "ಅಲ್ಲಾಡದ ಕುರ್ಚಿ ಒಂದಿದ್ರೆ ಬರ್ತಾರಂತೆ. ನೆಲದ ಮೇಲೆ ಕೂರೋಕೆ ಮೊಣಕಾಲು ಬಿಡಲ್ಲ, ನಿಮ್ಮನೆ ಕುರ್ಚೀಲಿ ಕೂರೋಕೆ ಮಾನ ಬಿಡಲ್ಲ ಅಂದ್ರು. ಪೇಟೇಲಿ ಒಂದು ಗಟ್ಟಿ ಕುರ್ಚಿ ನೋಡಿ ತಂದ್ಬಿಡಿ. ಮರಗೆಲಸದ ಅಂಗಡಿ ಮುಚ್ಚಿದಾಗಿಂದ ಅಪ್ಪ ಗೋಡೆ ನೋಡ್ತಾ ಕೂತಿರ್ತಾರಂತೆ, ಮಾತೂ ಆಡಲ್ವಂತೆ. ಅಣ್ಣ ಫೋನಲ್ಲಿ ಹೇಳಿದ. ನಾಲ್ಕು ದಿನ ಇಲ್ಲಿರಲಿ ಅಂತ ನನಗೆ."

ಅವಳ ದನಿ ಸ್ವಲ್ಪ ಇಳಿದಿತ್ತು. ಮೈಕಣ್ಣನ ಎದೆ ಉಬ್ಬಿತು.

"ತರೋದಾ? ಅಂಗಡಿಯಿಂದ? ನಾನೇ ಮಾಡ್ತೀನಿ ಕಣೇ! ಇದೇ ಕೈಯಲ್ಲಿ! ಕುರ್ಚಿ ಅಂದ್ರೆ ಏನು ಅಂತ ನಿಮ್ಮಪ್ಪನಿಗೆ ಒಂದ್ಸಲ ತೋರಿಸ್ತೀನಿ. ಭೂಮಿ ಅಲ್ಲಾಡಬೇಕು, ಕುರ್ಚಿ ಅಲ್ಲಾಡಬಾರದು!"

ಅವನ ಮೈಕಿಗೆ ಒಂದು ಗುಂಡಿ ಇತ್ತು. ಒತ್ತಿದರೆ ಒಳಗೇ ಸಿಕ್ಕಿಕೊಂಡುಬಿಡುವ ಗುಂಡಿ. ಉಗುರು ಹಾಕಿ ಎಬ್ಬಿಸಬೇಕು. ಅದನ್ನು ಎಬ್ಬಿಸಲು ಅವನು ಮರೆತಿದ್ದ. ಅವನ ಪ್ರತಿಜ್ಞೆ ನಿಲ್ದಾಣದ ಎಲ್ಲ ಧ್ವನಿವರ್ಧಕಗಳಿಂದಲೂ ಗುಡುಗಿತು. ಕಡಲೆಕಾಯಿ ಮಾರುವವಳು ಚಪ್ಪಾಳೆ ತಟ್ಟಿದಳು. ಮಾವನ ಊರಿನ ಬಸ್ಸಿನ ಕಂಡಕ್ಟರು ಕಿಟಕಿಯೊಳಗೆ ತಲೆ ತೂರಿಸಿ, "ಹೇಳ್ತೀನಿ ಬಿಡಣ್ಣ, ನಿಮ್ಮ ಮಾವನಿಗೆ. ಒಂದಕ್ಷರ ಬಿಡದೆ ಹೇಳ್ತೀನಿ," ಎಂದ.

ಹೇಳಿಯೂ ಹೇಳಿದ. ಮರುದಿನವೇ ಅವನ ಬಾಯಲ್ಲೇ ಉತ್ತರ ಬಂತು: "ನಿಮ್ಮ ಮಾವ ನಕ್ಕರಪ್ಪ. ಬಹಳ ದಿನದ ಮೇಲೆ ನಕ್ಕಿದ್ದು ಅಂತ ಅವರ ಸೊಸೆನೇ ಹೊರಗೆ ಬಂದು ನೋಡಿದ್ಲು. ಕೊಂಡ ಕುರ್ಚಿ ಇಟ್ರೆ ವಾಸನೇಲೇ ಕಂಡುಹಿಡೀತೀನಿ, ಅವನು ಮಾಡಿದ್ದೇ ಆಗಬೇಕು ಅಂದ್ರು."

ಹೀಗೆ ವಾಪಸು ಹೋಗುವ ದಾರಿ ಮುಚ್ಚಿತು.

ಚಳಿ ಕಳೆದು ಬಿಸಿಲು ಇನ್ನೂ ಬಲಿಯದ ಕಾಲ. ಮೈಕಣ್ಣನ ಹಳ್ಳಿಯ ಪಕ್ಕದ ಕಾಲುವೆ ದಂಡೆಯಲ್ಲಿ ಹುಲ್ಲು ಎಳೆಹಸಿರಾಗಿತ್ತು, ಜೇನು ಕೆಲಸಕ್ಕೆ ಹೊರಟಿತ್ತು, ದಂಡೆಯ ಮರಗಳ ಕೊಂಬೆಗಳನ್ನು ಕೆಲಸದವರು ಸವರಿ ರಾಶಿ ಹಾಕಿದ್ದರು. ಆ ಮರಕ್ಕೆ ಬೇರೆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕಾಲುವೆ ಮರ ಎನ್ನುತ್ತಿದ್ದರು. ಮೈಕಣ್ಣ ತೋಳಿನಷ್ಟು ದಪ್ಪದ ಕೊಂಬೆಗಳನ್ನು ಆರಿಸಿ ಸೈಕಲ್ಲಿಗೆ ಕಟ್ಟಿ ತಂದ. ಕಡಿದ ಬಾಯಲ್ಲಿ ಇನ್ನೂ ನೀರು ಜಿನುಗುತ್ತಿತ್ತು.

"ಹಸಿ ಇದೆಯಲ್ಲೋ," ಎಂದಳು ಅವನ ತಾಯಿ, ಮುಟ್ಟಿ ನೋಡಿ.

"ಹಸಿ ಇದ್ರೆ ಮೊಳೆ ಸಲೀಸಾಗಿ ಇಳಿಯುತ್ತಮ್ಮ."

"ಸಿಪ್ಪೆನಾದ್ರೂ ತೆಗಿ."

"ಸಿಪ್ಪೆ ಇದ್ರೇನೇ ಅಂದ. ನಿಂಗೊತ್ತಾಗಲ್ಲ."

ನಾಲ್ಕು ಸಂಜೆ ಅಂಗಳದಲ್ಲಿ ಗದ್ದಲವೋ ಗದ್ದಲ. ಅಮ್ಮ ಜಗಲಿಯಲ್ಲಿ ಕಾಲು ಚಾಚಿ ನಾರಿನ ಹಗ್ಗ ಹೊಸೆದಳು. ಹೆಂಡತಿ ಅದನ್ನು ಅಡ್ಡಡ್ಡ ಉದ್ದುದ್ದ ಎಳೆದು ಕೂರುವ ಜಾಗ ಹೆಣೆದಳು. ಅದು ನಿಜಕ್ಕೂ ಚೆನ್ನಾಗಿತ್ತು. ಮೈಕಣ್ಣ ಹೆಬ್ಬೆರಳಿಗೆ ಸುತ್ತಿಗೆಯಿಂದ ಬಡಿದುಕೊಂಡು, ನಡುನಡುವೆ ಮರಕ್ಕೂ ಬಡಿದ. ಕಾಲುಗಳನ್ನು ಬೇಕೆಂದೇ ಉದ್ದ ಬಿಟ್ಟಿದ್ದ. "ಉದ್ದ ಆದ್ರೆ ಕೊಯ್ಯಬಹುದು. ಗಿಡ್ಡ ಆದ್ರೆ ಬೆಳೆಸೋಕಾಗುತ್ತಾ?" ಎಂದು ಹೆಂಡತಿಗೆ ಪಾಠ ಹೇಳಿದ.

ನಿಲ್ಲಿಸಿದಾಗ ಕುರ್ಚಿ ಬಲಕ್ಕೆ ವಾಲಿತು. ಎಡಗಾಲು ಕೊಯ್ದ. ಎಡಕ್ಕೆ ವಾಲಿತು. ಬಲಗಾಲು ಕೊಯ್ದ. ಈಗ ಹಿಂದಕ್ಕೆ ಬಿತ್ತು. ಮತ್ತೆ ಗರಗಸ ಎತ್ತುವಷ್ಟರಲ್ಲಿ ಹೆಂಡತಿ ಅದನ್ನು ಕಸಿದು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಆಗ ಅವನಿಗೆ ಹೊಳೆಯಿತು. ಬಚ್ಚಲ ನೀರು ಹರಿದುಹೋಗುವ ಕಡೆ ಅಂಗಳದ ಮಣ್ಣು ಮೆತ್ತಗಿತ್ತು. ನಾಲ್ಕು ಗುಂಡಿ ತೋಡಿ ನಾಲ್ಕು ಕಾಲನ್ನೂ ಮೊಳದುದ್ದ ಹೂತು, ಮಣ್ಣು ತುಂಬಿ ತುಳಿದ. ನೆಲದೊಳಗೆ ಯಾವ ಕಾಲು ಉದ್ದ, ಯಾವುದು ಗಿಡ್ಡ ಎಂದು ಇಣುಕಿ ನೋಡುವವರು ಯಾರು? ಕುರ್ಚಿ ಸೆಟೆದು ನಿಂತಿತು. ಅಂಗಳದಲ್ಲಿ ಬಿಸಿಲು ಕಾಯಿಸುತ್ತಾ ಕೂರಲಿಕ್ಕೆಂದೇ ಮಾಡಿದ್ದು ಎಂದು ಆ ಕ್ಷಣದಿಂದ ಅವನು ನಂಬಿದ.

ಇಷ್ಟರಲ್ಲಿ ಮಾವನ ಮೊಣಕಾಲು ಊದಿಕೊಂಡು ಬರುವುದು ಮುಂದಕ್ಕೆ ಹೋಯಿತು. ಅಂಗಳದಲ್ಲಿ ಬಿಸಿಲು ಬೀಳುತ್ತಿತ್ತು. ಮನೆಮಂದಿ ಸ್ನಾನ ಮಾಡುತ್ತಿದ್ದರು. ನೀರು ಹರಿಯುತ್ತಿತ್ತು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಬಂದ ಮೈಕಣ್ಣನಿಗೆ ಕುರ್ಚಿಯ ಬಲಗೈಗೆ ಎಲೆಯೊಂದು ಅಂಟಿಕೊಂಡದ್ದು ಕಂಡಿತು. ಕಿತ್ತರೆ ಬರಲಿಲ್ಲ. ಬಗ್ಗಿ ನೋಡಿದ. ಬೆನ್ನಿಗೆ, ಕಾಲಿಗೆ, ತಾನು ಮೊಳೆ ಹೊಡೆದ ಸಂದಿಗೆ, ಎಲ್ಲೆಲ್ಲೂ ಅಕ್ಕಿಕಾಳಿನಂಥ ಹಸಿರು ಮೊಗ್ಗು. ಕುರ್ಚಿ ಚಿಗುರಿತ್ತು.

ಬಾಯಲ್ಲಿದ್ದ ನೊರೆಯನ್ನು ಅವನು ನುಂಗಿದ.

ಅಳಿಯ ರಿಪೇರಿ ಮಾಡಿದ ಕುರ್ಚಿ ಮುರಿದಿತ್ತು ಎನ್ನುವುದನ್ನಾದರೂ ಲೋಕ ಮರೆತೀತು. ಅಳಿಯ ಮಾಡಿದ ಕುರ್ಚಿ ಎಲೆ ಬಿಟ್ಟಿತು ಎಂದರೆ ಮಾವ ಸತ್ತ ಮೇಲೂ ನಗುತ್ತಾನೆ. ಮೈಕಣ್ಣ ಹೆಂಡತಿಯ ಹೊಲಿಗೆ ಕತ್ತರಿ ತಂದು ಒಂದೊಂದೇ ಚಿಗುರು ಕತ್ತರಿಸಿದ. ಮರುದಿನ ಒಂದಿದ್ದ ಕಡೆ ಮೂರು ಬಂದಿದ್ದವು. ಅವನ್ನೂ ಕತ್ತರಿಸಿದ. ಕತ್ತರಿಸಿದಷ್ಟೂ ಕುರ್ಚಿಗೆ ಹುರುಪು ಬಂತು. ದಿನಾ ಹೊತ್ತು ಮೂಡುವ ಮೊದಲು ಎದ್ದು ಅವನು ಕತ್ತರಿ ಹಿಡಿಯಬೇಕಾಯಿತು.

"ಅಣ್ಣಾ," ಬೇಲಿಯ ಮೇಲಿಂದ ದನಿ ಕೇಳಿತು. ಪಕ್ಕದ ಮನೆಯಾಕೆ. ಬೆಳಗಾಗುವುದು ಬೇಲಿಯ ಆ ಕಡೆಯಿಂದಲೇ ಎಂಬಂತೆ ಅಲ್ಲಿ ನಿಂತಿರುತ್ತಿದ್ದಳು. ಬೇಲಿಯಕ್ಕ ಎಂದೇ ಹೆಸರು. "ಕುರ್ಚಿಗೆ ಕ್ಷೌರ ಮಾಡ್ತಾ ಇದ್ದೀರಾ?"

ಮೈಕಣ್ಣ ಕತ್ತರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅಲ್ಲಿ ನಿಜ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬಾಯಿ ತೆರೆದ ಕೂಡಲೇ ಅವನಿಗೆ ಕೂಗಿಯೇ ಅಭ್ಯಾಸ.

"ಇದು ಹೊಸ ಪದ್ಧತಿ. ಜೀವಂತ ಕುರ್ಚಿ. ಬೇಕು ಅಂತಲೇ ಚಿಗುರಿಸಿದ್ದು. ಆಕಾರಕ್ಕೆ ಸವರ್ತಾ ಇದ್ದೀನಿ."

"ಅಯ್ಯೋ ನನ್ನಪ್ಪ! ಒಣಗಿದ ಕುರ್ಚೀನ ಚಿಗುರಿಸಿದ್ರಾ?"

"ಒಣಗಿದ್ದು" ಎನ್ನುವ ಮಾತನ್ನು ಸೇರಿಸಿದವಳು ಅವಳು. ಅದನ್ನು ತೆಗೆದುಹಾಕದೆ ಬಿಟ್ಟವನು ಅವನು. ಪಾಪವನ್ನು ಸಮನಾಗಿ ಹಂಚಬಹುದು.

ಅವನು ಪೇಟೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ವಿಚಾರಣೆ ಕಿಟಕಿಯಲ್ಲಿ ಬಸ್ಸು ಕೇಳುವವರಿಗಿಂತ ಕುರ್ಚಿ ಕೇಳುವವರು ಹೆಚ್ಚಾದರು. ದರ್ಜಿ ತನ್ನ ಒಂದು ಕಾಲು ಹೋದ ಸ್ಟೂಲನ್ನು ಹೊತ್ತು ತಂದು, "ಹೂವು ಬೇಡ ಅಣ್ಣ, ನಾಲ್ಕು ಎಲೆ ಬಂದ್ರೆ ಸಾಕು," ಎಂದ. ಕಡಲೆಕಾಯಿಯವಳು ಕಾಲು ಮುರಿದ ಮಂಚ ತಂದಳು. ಒಬ್ಬ ಪ್ಲಾಸ್ಟಿಕ್ ಕುರ್ಚಿ ತಂದಿದ್ದ. ಅವನನ್ನು ಮಾತ್ರ ಮೈಕಣ್ಣ ವಾಪಸು ಕಳಿಸಿದ, ಅದೂ ಬಹಳ ಯೋಚನೆ ಮಾಡಿ. ಎಲ್ಲರಿಗಿಂತ ಕೊನೆಯಲ್ಲಿ, ಹಳ್ಳಿಯಲ್ಲಿ ಮೈಕಣ್ಣನದೇ ಬೀದಿಯ ಕೊನೆಯ ಮನೆಯ ಅಜ್ಜ ತನ್ನ ಊರುಗೋಲನ್ನೇ ನೀಟಾಗಿ ಒರೆಸಿ ತಂದಿದ್ದ.

"ನಮ್ಮಪ್ಪನ ಕಾಲದ್ದು ಕಣಪ್ಪಾ. ಹಸಿರು ನೋಡಿ ಕಣ್ಮುಚ್ತೀನಿ."

"ಆಗಲ್ಲ ಅಜ್ಜ" ಎನ್ನುವುದು ಎರಡು ಮಾತು. ಮೈಕಣ್ಣನ ಬಾಯಿಗೆ ಅವು ಬರಲಿಲ್ಲ. ಬಂದ ಸಾಮಾನನ್ನೆಲ್ಲ ತಳ್ಳುಗಾಡಿಯಲ್ಲಿ ಹೇರಿಸಿಕೊಂಡು ಬಂದು, ಅಂಗಳದಲ್ಲಿ ಸಾಲಾಗಿ ಹೂತು, ಬೆಳಿಗ್ಗೆ ಸಂಜೆ ನೀರು ಹಾಕತೊಡಗಿದ. ಅಜ್ಜ ದಿನಾ ಗೋಡೆ ಹಿಡಿದುಕೊಂಡು, ಬೇಲಿ ಹಿಡಿದುಕೊಂಡು, ಕೊನೆಗೆ ಮೈಕಣ್ಣನ ಭುಜ ಹಿಡಿದುಕೊಂಡು ಬಂದು ತನ್ನ ಕೋಲಿನ ಮುಂದೆ ನಿಲ್ಲುತ್ತಿದ್ದ.

"ಬಂತೇನೋ?"

"ಬರ್ತಾ ಇದೆ ಅಜ್ಜ. ಸ್ವಲ್ಪ ತಡವಾಗಿ ಬರ್ತಾ ಇದೆ," ಎನ್ನುತ್ತಿದ್ದ ಮೈಕಣ್ಣ, ಕೌಂಟರಿನ ದನಿಯಲ್ಲೇ.

ಹೆಂಡತಿಗೆ ತಡೆಯಲಾಗಲಿಲ್ಲ. "ಕುರ್ಚಿ ಯಾಕೆ ಚಿಗುರಿತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹಸಿ ಕೊಂಬೆ, ಬಚ್ಚಲ ನೀರು. ಈ ಮಂಚ ನಮ್ಮಜ್ಜಿ ಮದುವೆ ಕಾಲದ್ದಿರಬೇಕು. ಇದು ಚಿಗುರುತ್ತಾ?"

"ನೋಡೋಣ."

"ಏನ್ ನೋಡೋದು! ಅಪ್ಪ ಬಂದು ಈ ಅಂಗಳ ನೋಡಿದ್ರೆ ಅದೇ ಬಸ್ಸಲ್ಲಿ ವಾಪಸ್ ಹೋಗ್ತಾರೆ. ಹೋದ್ರೆ ಇನ್ನು ಈ ಜನ್ಮದಲ್ಲಿ ಬರಲ್ಲ. ಗೋಡೆ ನೋಡ್ತಾನೇ ಕೂತಿರ್ತಾರೆ ಅಲ್ಲಿ." ಅವಳು ಅಳುವ ಪೈಕಿಯಲ್ಲ. ಪಾತ್ರೆ ತೊಳೆಯಲು ಹೋದಳು. ಆ ಸದ್ದು ಕೇಳಿದರೆ ಸಾಕಿತ್ತು.

ಮರುದಿನವೇ ಎಲ್ಲ ಕಿತ್ತು ಕೊಟ್ಟುಬಿಡಬೇಕು, ಕುರ್ಚಿಯನ್ನಂತೂ ಕಾಣದ ಹಾಗೆ ಮಾಡಬೇಕು ಎಂದು ಮೈಕಣ್ಣ ತೀರ್ಮಾನಿಸಿದ. ಆದರೆ ಮರುದಿನ ಅರಣ್ಯದ ಗಾರ್ಡು ಬಂದ. ಕಾಲುವೆ ದಂಡೆಯ ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆಯುತ್ತಾ ಬರುತ್ತಿದ್ದವನು ಜನ ಸೇರಿದ್ದನ್ನು ನೋಡಿ ಡಬ್ಬ ಹಿಡಿದೇ ಒಳಗೆ ಬಂದಿದ್ದ. ಕುರ್ಚಿಯನ್ನು ಸುತ್ತಿದ. ಎಲೆ ಮೂಸಿದ. ಬುಡ ಕೆದಕಿದ.

"ಕಾಲುವೆ ಮರದ ಜಾತಿ. ಬೇರು ಬಿಟ್ಟಿದೆ. ಲೆಕ್ಕಕ್ಕೆ ಬರುತ್ತೆ."

"ಸಾರ್, ಇದು ಕುರ್ಚಿ."

"ಕೂತುಕೊಂಡ್ರೆ ಕುರ್ಚಿ. ನಿಂತು ನೋಡಿದ್ರೆ ಮರ. ನಾನು ನಿಂತಿದ್ದೀನಿ." ಗಾರ್ಡು ಕುಂಚ ಅದ್ದಿ ಯೋಚನೆಗೆ ಬಿದ್ದ. "ನಾಲ್ಕು ಬುಡ ಇದೆ. ನಾಲ್ಕು ಮರ ಅಂತ ಬರೀಲೋ, ಒಂದು ಅಂತಲೋ?"

"ಎಮ್ಮೆಗೂ ನಾಲ್ಕು ಕಾಲಿದೆ," ಎಂದಳು ಮೈಕಣ್ಣನ ತಾಯಿ ಜಗಲಿಯಿಂದ. "ನಾಲ್ಕು ಎಮ್ಮೆ ಅಂತೀಯೇನಪ್ಪಾ?"

ಗಾರ್ಡಿಗೆ ಅದು ಸರಿ ಎನಿಸಿತು. ಕುರ್ಚಿಯ ಬೆನ್ನಿನ ಮೇಲೆ ಒಂದೇ ನಂಬರು ದಪ್ಪಗೆ ಬರೆದ. "ಇನ್ಮೇಲೆ ಅಪ್ಪಣೆ ಇಲ್ದೆ ಕೀಳೋ ಹಾಗಿಲ್ಲ. ಕಿತ್ರೆ ಕೇಸು," ಎಂದು ಹೇಳಿ, ಅಜ್ಜನ ಊರುಗೋಲಿನ ಕಡೆ ಒಮ್ಮೆ ಅನುಮಾನದಿಂದ ನೋಡಿ ಹೊರಟುಹೋದ.

ಅದೇ ಸಂಜೆ ಕಂಡಕ್ಟರು ಹೇಳಿದ: ಮಾವ ನಾಳೆ ಬೆಳಗಿನ ಬಸ್ಸಿಗೆ ಬರುತ್ತಾರೆ, ಸಂಜೆ ಬಸ್ಸಿಗೆ ವಾಪಸು, ಸೀಟು ಈಗಲೇ ಹೇಳಿಟ್ಟಿದ್ದಾರೆ.

ಮೈಕಣ್ಣ ಮನೆಗೆ ಬಂದವನೇ ಕೇಸಾದರೆ ಆಗಲಿ ಎಂದು ಕುರ್ಚಿಯ ಬೆನ್ನು ಹಿಡಿದು ಎಳೆದ. ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದ. ಹೆಂಡತಿ ಅವನ ಸೊಂಟ ಹಿಡಿದು ಎಳೆದಳು, ಬೇಲಿಯಕ್ಕ ಬೇಲಿ ದಾಟಿ ಬಂದು ಹೆಂಡತಿಯ ಸೊಂಟ ಹಿಡಿದಳು. ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು. ಕುರ್ಚಿ ಕದಲಲಿಲ್ಲ. ಆ ಹೊತ್ತಿನಲ್ಲಿ ಅವನಿಗೆ ಹೊಳೆಯಬೇಕಾದ ಸಂಗತಿಯೊಂದಿತ್ತು. ಹೊಳೆಯಲಿಲ್ಲ.

ಬೆಳಿಗ್ಗೆ ಮಾವ ಬಸ್ಸಿಳಿದ. ಬಟ್ಟೆಯ ಚೀಲ ಅಂಗೈಯಗಲ. ಹೆಗಲಿಗೆ ಮಾತ್ರ ಭಾರದ ಗೋಣಿಚೀಲ, ಒಳಗೆ ಕಬ್ಬಿಣ ಕಿಣಿಕಿಣಿ ಎನ್ನುತ್ತಿತ್ತು. "ನಿಮ್ಮನೆಗೆ ಬರೋವಾಗ ಉಳಿ ಸುತ್ತಿಗೆ ಇಲ್ದೆ ಬರಬಾರದು ಅಂತ ಹೋದ ಸಲವೇ ಕಲಿತೆ," ಎಂದ.

ಅಂಗಳದ ಬಾಗಿಲಲ್ಲಿ ಆತ ನಿಂತುಬಿಟ್ಟ. ಎದುರಿಗೆ ಹೂತ ಮಂಚ. ಅದರಾಚೆ ಹೂತ ಸ್ಟೂಲು. ಒಂದು ಬೀರುವಿನ ಬಾಗಿಲು. ಎರಡು ಲಟ್ಟಣಿಗೆ. ಕೊನೆಯಲ್ಲಿ ಊರುಗೋಲು, ಅದರ ಮುಂದೆ ಬೇಲಿ ಹಿಡಿದು ನಿಂತ ಅಜ್ಜ. ಎಲ್ಲದರ ಬುಡದಲ್ಲೂ ಪಾತಿ, ಪಾತಿಯಲ್ಲಿ ನೀರು.

"ಏನಿದು ಅಳಿಯಂದಿರೇ? ಮರಗೆಲಸದ ಸ್ಮಶಾನವಾ?"

ಸುದ್ದಿ ಕೇಳಿ ಬಂದ ದರ್ಜಿ, ಕಡಲೆಕಾಯಿಯವಳು, ಬೇಲಿಯಕ್ಕ ಎಲ್ಲ ಬೇಲಿಯ ಬದಿಗೆ ಸರಿದು ನಿಂತರು. ಮೈಕಣ್ಣನಿಗೆ ಜೀವಮಾನದಲ್ಲೇ ಮೊದಲ ಸಲ ಕೂಗಲು ಏನೂ ಸಿಗಲಿಲ್ಲ. ಅವನು ಸುಮ್ಮನೆ ಕುರ್ಚಿಯ ಕಡೆ ಕೈ ತೋರಿಸಿದ.

ಅದು ಈಗ ಪೊದೆಯ ಹಾಗೆ ಹಸಿರಾಗಿತ್ತು. ಎರಡು ದಿನದಿಂದ ಕತ್ತರಿ ಬಿದ್ದಿರಲಿಲ್ಲ. ಮಾವ ಅದರ ಸುತ್ತ ಬಂದ.

"ನಂಬರ್ ಯಾಕೆ? ಕಳುವಾಗುತ್ತೆ ಅಂತಲಾ? ಕಳ್ಳನಿಗೂ ಒಂದು ಮರ್ಯಾದೆ ಇರುತ್ತೆ." ಮೊಳೆಗಳನ್ನು ನೋಡಿದ. "ಒಂದಾದ್ರೂ ನೆಟ್ಟಗೆ ಹೋಗಿದೆಯಾ!" ಕೈಗಳನ್ನು ನೋಡಿದ. "ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಇದು ಕುರ್ಚಿಯಾ, ದಾರಿ ತೋರಿಸೋ ಕಂಬವಾ?" ಹಗ್ಗದ ಹೆಣಿಗೆಯ ಮೇಲೆ ಬೆರಳಾಡಿಸಿ ಮಾತ್ರ ಸುಮ್ಮನಾದ. "ಇದು ನನ್ನ ಮಗಳ ಕೆಲಸ."

ಆಮೇಲೆ ಎರಡೂ ಕೈಯಿಂದ ಕುರ್ಚಿಯನ್ನು ಹಿಡಿದು ಅಲ್ಲಾಡಿಸಿದ. ಅದು ಅಲ್ಲಾಡಲಿಲ್ಲ. ಹುಬ್ಬು ಗಂಟಿಕ್ಕಿ, ಚೀಲ ಕೆಳಗಿಟ್ಟು, ಭುಜ ಕೊಟ್ಟು ನೂಕಿದ. ಎಲೆ ಅಲ್ಲಾಡಿತು. ಕುರ್ಚಿ ಇಲ್ಲ.

ಅಂಗಳದಲ್ಲಿ ಯಾರೋ ಕೆಮ್ಮಿದರು. ಮಾವ ಅವರನ್ನು ದುರುಗುಟ್ಟಿ ನೋಡಿ, ತಿರುಗಿ, ನಿಧಾನವಾಗಿ, ಒಂದು ಕೈ ಹಿಂದೆ ಚಾಚಿ ಕೂತ. ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು, ಬಿದ್ದರೆ ಹಿಡಿಯಲೆಂದೋ, ಬೀಳುವುದನ್ನು ಸರಿಯಾಗಿ ನೋಡಲೆಂದೋ. ಕುರ್ಚಿ ಒಂದು ಸದ್ದೂ ಮಾಡಲಿಲ್ಲ.

ಎಲೆಯ ಮೇಲಿಂದ ಒಂದು ಜೇನು ಹಾರಿ ಮಾವನ ಮೊಣಕಾಲಿನ ಮೇಲೆ ಕೂತು, ವಿಚಾರಿಸಿಕೊಂಡು, ಹೋಯಿತು.

"ನಾನು ಮಾಡಿದ ಕುರ್ಚಿಗಳೆಲ್ಲ ವರ್ಷ ಹೋದ ಹಾಗೆ ಸಡಿಲ ಆದ್ವು," ಎಂದ ಕೊನೆಗೆ, ಯಾರ ಮುಖವನ್ನೂ ನೋಡದೆ. "ಈ ದರಿದ್ರದ್ದು ವರ್ಷ ಹೋದ ಹಾಗೆ ಬಿಗಿ ಆಗುತ್ತೆ." ಕುರ್ಚಿಯ ಕೈ ತಟ್ಟಿ, "ಇಷ್ಟು ಕೆಟ್ಟ ಕುರ್ಚಿ ನನ್ನ ಜನ್ಮದಲ್ಲಿ ನೋಡಿಲ್ಲ. ಆದ್ರೆ ಅಲ್ಲಾಡಲ್ಲ. ಮಾತು ಮಾತೇ."

ಹೆಂಡತಿ ಮುಖ ತಿರುಗಿಸಿಕೊಂಡು ಚಹಾ ಮಾಡಲು ಓಡಿದಳು. ಮೈಕಣ್ಣ ತನ್ನ ಎದೆ ಉಬ್ಬಿಸಲು ಸಿದ್ಧನಾದ. ಅಷ್ಟರಲ್ಲಿ ಮಾವನ ಕಣ್ಣು ಪಕ್ಕದ ಮಂಚದ ಮೇಲೆ ಬಿತ್ತು.

"ಇದಕ್ಕೆ ಯಾಕೋ ನೀರು ಹಾಕಿದ್ದೀಯಾ?"

"ಅಳಿಯಂದಿರೇ" ಹೋಗಿ ಏಕವಚನ ಬಂದಿತ್ತು. ಮೈಕಣ್ಣನಿಗೆ ಅದು ನೆಂಟಸ್ತಿಕೆ ಗಟ್ಟಿಯಾದ ಲಕ್ಷಣ ಎನಿಸಿತು. ಇದ್ದದ್ದು ಇದ್ದ ಹಾಗೆ ಹೇಳಿದ: ಯಾರು ಏನು ಕೊಟ್ಟರು, ತಾನು ಯಾಕೆ ಬೇಡ ಎನ್ನಲಿಲ್ಲ. ದರ್ಜಿಗೆ ತನ್ನ ಸ್ಟೂಲು ಚಿಗುರುವುದಿಲ್ಲ ಎಂದು ಆಗ ಗೊತ್ತಾಯಿತು. ಅವನು ಬಾಯಿ ತೆರೆಯುವ ಮೊದಲೇ ಮಾವ ಎದ್ದಿದ್ದ.

"ಹಳೇ ಕಾಲದ ಗಟ್ಟಿ ಮರ! ನೆನೆಸಿ ಹಾಳು ಮಾಡ್ತಿದ್ದೀಯಲ್ಲೋ! ತೆಗಿ, ಮೊದಲು ನೆರಳಿಗೆ ಹಾಕು. ಬಿಸಿಲಿಗಲ್ಲ, ನೆರಳಿಗೆ! ಆ ಗೋಣಿಚೀಲ ಇಲ್ಲಿ ಕೊಡು." ಅಜ್ಜನ ಕಡೆ ತಿರುಗಿ, "ನಿಮ್ಮ ಕೋಲು ಮೊದಲು ಮಾಡಿಕೊಡ್ತೀನಿ ಅಜ್ಜಾ. ಎಲೆ ಬರಲ್ಲ. ತುದಿಗೆ ಲೋಹದ ಬಳೆ ಹಾಕ್ತೀನಿ."

ಅಜ್ಜ ಸ್ವಲ್ಪ ಯೋಚಿಸಿ, "ಹಸಿರು ಬಣ್ಣನಾದ್ರೂ ಬಳೀತೀಯಾ?" ಎಂದ.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಮರ ಹೆರೆಯುವ ಹತ್ತರಿಯ ಸದ್ದು, ಮರದ ಹೊಟ್ಟಿನ ವಾಸನೆ. ಮಾವ ಚಿಗುರು ಕುರ್ಚಿಯಲ್ಲಿ ಕೂತೇ ಕೆಲಸ ಮಾಡುತ್ತಿದ್ದ, ಕೂತೇ ಬೈಯುತ್ತಿದ್ದ. ತನ್ನೂರಿನಲ್ಲಿ ಮಾತೇ ಆಡದಿದ್ದ ಮನುಷ್ಯ ಇಲ್ಲಿ ದರ್ಜಿಗೆ, ಬೇಲಿಯಕ್ಕನಿಗೆ, ಸ್ಟೂಲಿಗೆ, ಮೊಳೆಗೆ ಬಿಡದೆ ಬೈಯುತ್ತಿದ್ದ. ಹೆಂಡತಿ ಬಾಗಿಲಿಗೆ ಒರಗಿ ಹಾಡು ಕೇಳುವ ಹಾಗೆ ಕೇಳುತ್ತಿದ್ದಳು.

"ಎಷ್ಟು ದಿನದ ಕೆಲಸ ಅಪ್ಪಾ?"

"ನಿನ್ನ ಗಂಡ ಮುಟ್ಟದಿದ್ರೆ ಒಂದು ವಾರ. ಮುಟ್ಟಿದ್ರೆ ಹೇಳೋಕಾಗಲ್ಲ."

ಸಂಜೆ ಪಾಳಿಗೆ ಸೈಕಲ್ ಹತ್ತುತ್ತಿದ್ದ ಮೈಕಣ್ಣನ ಹಿಂದೆಯೇ ಅವಳು ಬಂದು, ದನಿ ತಗ್ಗಿಸಿ, "ರೀ, ದಿನಾ ಸ್ವಲ್ಪ ಸ್ವಲ್ಪ ಮುಟ್ತಾ ಇರಿ," ಎಂದಳು.

ನಿಲ್ದಾಣದಲ್ಲಿ ಸಂಜೆ ಬಸ್ಸು ಗುರುಗುಡುತ್ತಾ ನಿಂತಿತ್ತು. ಕಂಡಕ್ಟರು ಕಿಟಕಿಗೆ ಬಂದ. "ಎಲ್ಲಣ್ಣ ನಿಮ್ಮ ಮಾವ? ಮುಂದಿನ ಸೀಟಿಗೆ ಟವೆಲ್ ಹಾಕಿ ಹಿಡಿದಿಟ್ಟಿದ್ದೀನಿ."

ಮೈಕಣ್ಣ ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದ.

"ಪ್ರಯಾಣಿಕರ ಗಮನಕ್ಕೆ. ಸಂಜೆ ಬಸ್ಸು ಈಗ ಹೊರಡುತ್ತದೆ. ಇದರಲ್ಲಿ ಹೋಗಬೇಕಾಗಿದ್ದ ನಮ್ಮ ಮಾವನವರು ಹೋಗುವುದಿಲ್ಲ. ಯಾರ ಮನೆಯಲ್ಲಿ ಏನು ಮುರಿದಿದ್ದರೂ ತಂದುಕೊಡಬೇಕಾಗಿ ವಿನಂತಿ. ಚಿಗುರಿಸಿ ಕೊಡಲಾಗುವುದಿಲ್ಲ. ರಿಪೇರಿ ಮಾತ್ರ."

"ಹಾಗಾದ್ರೆ ಯಾವಾಗ ಹೋಗ್ತಾರೆ?"

"ಕೆಲಸ ಮುಗಿದ ಮೇಲೆ. ನಾನೂ ಕೈ ಜೋಡಿಸ್ತಾ ಇದ್ದೀನಿ."

ಕಂಡಕ್ಟರು ಅವನ ಹೆಬ್ಬೆರಳಿನ ಬ್ಯಾಂಡೇಜನ್ನೊಮ್ಮೆ ನೋಡಿದ. ಹೋಗಿ ಮುಂದಿನ ಸೀಟಿನ ಮೇಲಿದ್ದ ಟವೆಲ್ ತೆಗೆದು ಕೊಡವಿ, ನಿಂತಿದ್ದವಳೊಬ್ಬಳಿಗೆ, "ಕೂತ್ಕೊಳ್ಳಿ ಅಕ್ಕ, ಈ ಸೀಟಿಗೆ ಸದ್ಯಕ್ಕೆ ಯಾರೂ ಬರಲ್ಲ," ಎಂದು ಸೀಟಿ ಊದಿದ.

ಬಸ್ಸು ಮೈಕಣ್ಣ ಕೂಗಿದ ಹೊತ್ತಿಗೇ ಹೊರಟಿತು. ಆ ಆಶ್ಚರ್ಯದಲ್ಲಿ ಅವನು ಗುಂಡಿ ಎಬ್ಬಿಸಲು ಮರೆತ. ಅವನು ಒಬ್ಬನೇ ನಕ್ಕದ್ದನ್ನು ಇಡೀ ನಿಲ್ದಾಣ ಕೇಳಿತು.